ಒಂದೊಂದು ಹಗ್ಗಕ್ಕೂ ಒಂದೊಂದು ಕೆಲಸ

ಹಡಗಿನ ಮಾದರಿ ಕಟ್ಟುವ ಹವ್ಯಾಸ ಇದೆ ಅಂದ ಕೂಡಲೇ ಎದುರಿಗಿದ್ದವರ ಬಾಯಲ್ಲಿ ಬರುವ ಮೊದಲ ಮಾತು, “ಅಬ್ಬ, ಎಂಥಾ ತಾಳ್ಮೆ ಮಾರಾಯ್ರೇ!” ನೀವೂ ನಿನ್ನೆ ಬೇಲಿಯಾಚೆ ನಿಂತು ಅದನ್ನೇ ಹೇಳಿದ್ರಿ. ಒಳ್ಳೇ ಮನಸ್ಸಿನ ಮಾತು, ಗೊತ್ತು. ಆದರೆ ತಾಳ್ಮೆ ಬೇಕಾಗೋದು ಬೇಡದ ಕೆಲಸಕ್ಕೆ. ಬ್ಯಾಂಕಿನ ಸಾಲಲ್ಲಿ ನಿಲ್ಲೋದಕ್ಕೆ ಬೇಕು, ಬಾರದ ಬಸ್ಸಿಗೆ ಕಾಯೋದಕ್ಕೆ ಬೇಕು. ಕಾಫಿ ಕುಡಿದು, ದಾರ ಚಿಮಟ ಹಿಡಿದು ಕಿಟಕಿ ಪಕ್ಕ ಕೂತವನಿಗೆ ಮಧ್ಯಾಹ್ನ ಆದದ್ದೇ ಗೊತ್ತಾಗೋದಿಲ್ಲ. ಅವನಿಗೆ ಬೇಕಾದ್ದು ಕುತೂಹಲ. ಈ ಹಗ್ಗ ಎಲ್ಲಿಂದ ಹೊರಟಿತು, ಎಲ್ಲಿ ಹೋಗಿ ಕಟ್ಟಿಸಿಕೊಂಡಿತು, ಇದಿಲ್ಲದಿದ್ದರೆ ಏನಾಗ್ತಿತ್ತು ಅಂತ ತಿಳಿಯುವ ತನಕ ಜೀವಕ್ಕೆ ಸಮಾಧಾನ ಇಲ್ಲ. ಅದೊಂದಿದ್ದರೆ ಉಳಿದದ್ದು ತಾನಾಗೇ ಆಗುತ್ತೆ.

ಅಂಥ ಕುತೂಹಲದವನು ಸ್ಯಾಮ್ಯುಯೆಲ್ ಪೀಪ್ಸ್, ಲಂಡನ್ನಿನ ದಿನಚರಿ ಬರೆದವ. 1660ರಲ್ಲಿ ಅವನಿಗೆ ನೌಕಾಪಡೆಯ ಕಚೇರಿಯಲ್ಲಿ ದೊಡ್ಡ ಹುದ್ದೆಯೇನೋ ಸಿಕ್ಕಿತು, ಹಡಗಿನ ವಿಚಾರ ಗೊತ್ತಿದ್ದದ್ದು ಮಾತ್ರ ಅಷ್ಟಕ್ಕಷ್ಟೇ. ಬೇರೆಯವನಾಗಿದ್ದರೆ ಕಾಗದಕ್ಕೆ ಸಹಿ ಹಾಕಿಕೊಂಡು ಕಾಲ ಹಾಕುತ್ತಿದ್ದ. ಇವನು 1662ರಲ್ಲಿ ‘ರಾಯಲ್ ಚಾರ್ಲ್ಸ್’ ಹಡಗಿನ ಕೂಪರ್ ಅನ್ನುವ ನಾವಿಕನನ್ನು ಮೇಷ್ಟ್ರಾಗಿ ಇಟ್ಟುಕೊಂಡ. ಪಾಠ ಶುರುವಾದದ್ದು ಮಗ್ಗಿಯಿಂದ! ಇಪ್ಪತ್ತೊಂಬತ್ತರ ಪ್ರಾಯದ ಅಧಿಕಾರಿ ನಸುಕಿಗೇ ಎದ್ದು ಮಗ್ಗಿ ಬಾಯಿಪಾಠ ಮಾಡುವುದನ್ನು ನೆನೆಸಿಕೊಳ್ಳಿ. ಆಮೇಲೆ ಹಡಗಿನ ಮಾದರಿ ಇಟ್ಟುಕೊಂಡು ಯಾವ ಭಾಗಕ್ಕೆ ಏನು ಹೆಸರು, ಏನು ಕೆಲಸ ಅಂತ ಕಲಿತ. ಮಾದರಿ ಅಂದರೆ ಶೋಕೇಸಿನ ಅಲಂಕಾರ ಅಂತ ತಿಳಿದವರಿಗೆ ನಾನು ಈ ಪೀಪ್ಸನ ಕತೆಯನ್ನೇ ಹೇಳೋದು. ಆ ಕಾಲದ ಇಂಗ್ಲಿಷ್ ಮಾದರಿಗಳಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ಹಲಗೆಯನ್ನೇ ಹೊದಿಸದೆ ಪಕ್ಕೆಲುಬುಗಳು ಕಾಣುವ ಹಾಗೆ ಬಿಟ್ಟಿರುತ್ತಾರೆ. ಒಳಗೆ ಹೇಗಿದೆ ಅನ್ನೋದೇ ನೋಡುವ ಸಂಗತಿ, ಅಲ್ವಾ?

ಆ ಮಾದರಿಗಳು ಹೆಚ್ಚಾಗಿ 1:48ರ ಪ್ರಮಾಣದವು. ಒಂದು ಅಡಿಗೆ ಕಾಲು ಇಂಚು. ನಾನೀಗ ಕಟ್ಟುತ್ತಿರುವ ‘ಟ್ರಿಂಕೋಮಲಿ’ ಫ್ರಿಗೇಟ್ ಕೂಡ ಅದೇ ಲೆಕ್ಕದ್ದು. ಫಿರಂಗಿ ಅಟ್ಟದ ಉದ್ದ ನಿಜದಲ್ಲಿ ಸುಮಾರು 150 ಅಡಿ, ನನ್ನ ಮೇಜಿನ ಮೇಲೆ ಮೂರು ಅಡಿಗಿಂತ ತುಸು ಜಾಸ್ತಿ. ಇಷ್ಟು ಸುಲಭ. ಹಗ್ಗಕ್ಕೆ ಬಂದಾಗ ನೋಡಿ ತಮಾಷೆ. ಹಳೇ ಪಟ್ಟಿಯಲ್ಲಿ ‘ಮೂರು ಇಂಚಿನ ಹಗ್ಗ’ ಅಂತ ಇದ್ದರೆ ಅದು ದಪ್ಪ ಅಲ್ಲ, ಸುತ್ತಳತೆ. ದಪ್ಪ ಅಂತ ನೋಡಿದರೆ ಒಂದು ಇಂಚೂ ಇಲ್ಲ. ನಲವತ್ತೆಂಟರಿಂದ ಭಾಗಿಸಿದರೆ ಅರ್ಧ ಮಿಲಿಮೀಟರ್ ದಾರ ಸಾಕು. ಇದು ಗೊತ್ತಿಲ್ಲದೆ ಕಟ್ಟಿದ ಮಾದರಿಗಳ ಮೇಲೆ ಹಗ್ಗವೆಲ್ಲ ಹೆಬ್ಬಾವಿನ ಗಾತ್ರದ್ದೇ! ಅಂಗಡಿಯಲ್ಲಿ ಮಾರುವ ಅಲಂಕಾರದ ಹಡಗುಗಳಲ್ಲಿ ನಾನು ಮೊದಲು ನೋಡೋದೇ ಅದನ್ನು.

ಅಳತೆ ಅಂದಾಗ ಸ್ವೀಡನ್ನಿನ ‘ವಾಸಾ’ ನೆನಪಾಗುತ್ತೆ. 1628ರಲ್ಲಿ ಮೊದಲ ಯಾನದಲ್ಲೇ ಸ್ಟಾಕ್‌ಹೋಮ್ ಬಂದರಿನೊಳಗೆ ಮುಳುಗಿ, 1961ರಲ್ಲಿ ಮೇಲೆ ಬಂತಲ್ಲ, ಅದೇ. ಅದರೊಳಗೆ ಬಡಗಿಗಳ ಅಳತೆಕೋಲುಗಳೂ ಸಿಕ್ಕಿದವು. ಕೆಲವು 12 ಇಂಚಿನ ಸ್ವೀಡಿಷ್ ಅಡಿ, ಕೆಲವು 11 ಇಂಚಿನ ಆಮ್‌ಸ್ಟರ್‌ಡ್ಯಾಮ್ ಅಡಿ. ಒಂದೇ ಹಡಗು, ಎರಡು ಥರದ ಅಡಿ! ಅದರ ಬಣ್ಣದ್ದು ಇನ್ನೊಂದು ಕತೆ. ಹಿಂಭಾಗದ ಕೆತ್ತನೆಗಳ ಹಿಂದಿನ ಬಣ್ಣ ನೀಲಿ ಅಂತ ಬಹಳ ವರ್ಷ ನಂಬಿದ್ದರು, ಆಮೇಲೆ ಮರದ ಮೇಲೆ ಉಳಿದ ಬಣ್ಣದ ಕಣ ಪರೀಕ್ಷೆ ಮಾಡಿದಾಗ ಕೆಂಪು ಅಂತ ಗೊತ್ತಾಯಿತು. ಹಾಗಾಗಿ ಹಳಬರ ಮನೆಯ ‘ವಾಸಾ’ ನೀಲಿ, ಹೊಸಬರದ್ದು ಕೆಂಪು. ನೀಲಿಯದನ್ನು ಯಾರೂ ಅಳಿಸಿ ಬಳಿಯಬಾರದು ಅನ್ನೋದು ನನ್ನ ಮತ. ಆ ಕಾಲಕ್ಕೆ ತಿಳಿದದ್ದನ್ನು ತಿಳಿದ ಹಾಗೆ ಕಟ್ಟಿದ್ದಾರೆ, ಅದೂ ಒಂದು ದಾಖಲೆಯೇ.

ಎಲ್ಲಿದ್ದೆ? ಹಾಂ, ಟ್ರಿಂಕೋಮಲಿ. ಇದನ್ನೇ ಯಾಕೆ ಹಿಡಿದೆ ಅಂದರೆ, ಮೈಯೆಲ್ಲ ಮಲಬಾರಿನ ತೇಗ. ನೆಪೋಲಿಯನ್ ಜೊತೆಗಿನ ಯುದ್ಧದಲ್ಲಿ ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ತತ್ವಾರ ಬಂತು, ಮುಂಬಯಿಯಲ್ಲಿ ಹಡಗು ಕಟ್ಟುತ್ತಿದ್ದ ವಾಡಿಯಾ ಮನೆತನದವರಿಗೆ ಕೆಲಸ ಒಪ್ಪಿಸಿದರು. ನಕ್ಷೆ ಹೊತ್ತು ಹೊರಟ ‘ಜಾವಾ’ ಹಡಗನ್ನು 1812ರ ಕೊನೆಗೆ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ದಾರಿಯಲ್ಲೇ ಬಡಿದು ಹಾಕಿತು, ನಕ್ಷೆ ಹೋಯಿತು, ಇನ್ನೊಂದು ಪ್ರತಿ ಕಳಿಸಬೇಕಾಯಿತು. ಜಮ್‌ಶೇಟ್‌ಜಿ ಬೋಮನ್‌ಜಿ ವಾಡಿಯಾ ಅಡಿಮರಕ್ಕೆ ಬೆಳ್ಳಿ ಮೊಳೆ ಹೊಡೆದು ಕೆಲಸ ಶುರು ಮಾಡಿದರು. 1817ರ ಅಕ್ಟೋಬರಿನಲ್ಲಿ ನೀರಿಗಿಳಿದದ್ದು ಈಗಲೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ, ಮರದಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲಿನದೇ. ನಮ್ಮ ಕಡೆಯ ಮರ ಅಂದರೆ ಸುಮ್ಮನೆಯಾ?

ಆದರೆ ತೇಗದ ಹಡಗಿನ ಮಾದರಿಯನ್ನು ತೇಗದಲ್ಲೇ ಮಾಡಿದರೆ ಸರಿಹೋಗೋದಿಲ್ಲ. ಹಡಗು ಸಣ್ಣದಾದರೂ ಮರದ ಎಳೆ ಸಣ್ಣದಾಗಲ್ಲವಲ್ಲ! ತೇಗದ ಒರಟು ಎಳೆ ಈ ಅಳತೆಯಲ್ಲಿ ಹಲಗೆ ಬಿರುಕು ಬಿಟ್ಟ ಹಾಗೆ ಕಾಣುತ್ತೆ. ಹೊರದೇಶದವರು ಪಿಯರ್, ಬಾಕ್ಸ್‌ವುಡ್ ಬಳಸ್ತಾರೆ. ನಾನು ಚನ್ನಪಟ್ಟಣದ ಬೊಂಬೆಯವರ ಆಲೆಮರ ತರಿಸಿಕೊಂಡೆ. ನುಣುಪು, ಬಿಳುಪು, ಎಳೆ ಕಣ್ಣಿಗೇ ಬೀಳೋದಿಲ್ಲ. ತೆಳ್ಳಗೆ ಪಟ್ಟಿ ಸೀಳಿ, ನೀರಲ್ಲಿ ನೆನೆಸಿ, ಬಿಸಿ ತಾಗಿಸಿದರೆ ಮೂತಿಯ ಹತ್ತಿರದ ತಿರುವಿಗೂ ಬಗ್ಗುತ್ತೆ. ಸಹನೆಗೆಟ್ಟು ಜಗ್ಗಿದರೆ ಮಾತ್ರ ಮುರಿಯುತ್ತೆ.

ಮೊನ್ನೆಯಿಂದ ಹಗ್ಗದ ಮೆಟ್ಟಿಲು ನಡೀತಿದೆ. ಕೂವೆಮರವನ್ನು ಎರಡೂ ಕಡೆಯಿಂದ ಬಿಗಿದು ನಿಲ್ಲಿಸುವ ದಪ್ಪ ಹಗ್ಗಗಳು, ಅವಕ್ಕೆ ಅಡ್ಡಡ್ಡ ಕಟ್ಟಿದ ಸಣ್ಣ ಹುರಿ, ಅದನ್ನು ತುಳಿದು ನಾವಿಕರು ಮೇಲೆ ಹತ್ತೋದು. ಹಿಂದೆ ಗೆರೆ ಎಳೆದ ಕಾಗದ ಇಟ್ಟು, ಗೆರೆಗೊಂದು ಹುರಿ. ದಾರವನ್ನು ಮೊದಲು ಜೇನುಮೇಣದ ಮೇಲೆ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಅದರ ನವಿರು ಎದ್ದು ನಿಂತು ಹಗ್ಗಕ್ಕೆ ಮೀಸೆ ಬಂದ ಹಾಗಾಗುತ್ತೆ. ಆಮೇಲೆ ಪ್ರತೀ ದಪ್ಪ ಹಗ್ಗದ ಮೇಲೂ ಒಂದು ಗಂಟು, ಗೂಟಕ್ಕೆ ಹಾಕುವ ಎರಡು ಸುತ್ತಿನ ಗಂಟು. ಎಲ್ಲಕ್ಕಿಂತ ಮುಖ್ಯ, ಎಳೆಯಬಾರದು. ಒಂದೊಂದು ಸಾಲಲ್ಲೂ ಕೂದಲೆಳೆಯಷ್ಟು ಬಿಗಿ ಜಾಸ್ತಿಯಾದರೂ ಇಪ್ಪತ್ತು ಸಾಲು ಮುಗಿಯುವ ಹೊತ್ತಿಗೆ ಹೊರಗಿನ ಹಗ್ಗಗಳು ಒಳಗೆ ಬಾಗಿ, ಡಮರುಗದ ಹಾಗೆ ನಡು ಸಣ್ಣಗಾಗಿ ಬಿಡುತ್ತೆ. ಗಂಟು ಕೂರಬೇಕು, ಹಗ್ಗ ಅಲುಗಬಾರದು. ಕೊನೆಗೆ ನೀರು ಬೆರೆಸಿದ ಫೆವಿಕಾಲ್ ಒಂದು ಚುಕ್ಕೆ, ಸೂಜಿ ಮೊನೆಯಲ್ಲಿ.

ಈ ಹಗ್ಗದ ಹುಚ್ಚು ನನಗೆ ಹತ್ತಿದ್ದು ಮಂಗಳೂರಿನ ಹಳೇ ಬಂದರಿನಲ್ಲಿ. ಅಪ್ಪನಿಗೆ ಅಲ್ಲಿ ಹಂಚಿನ ವ್ಯಾಪಾರದ ಲೆಕ್ಕ ಬರೆಯುವ ಕೆಲಸ. ರಜೆಯಲ್ಲಿ ನಾನೂ ಬಾಲ. ಧಕ್ಕೆಯಲ್ಲಿ ಸಾಲಾಗಿ ಸರಕು ಸಾಗಿಸುವ ಮಂಜಿ ಹಡಗುಗಳು, ಹಂಚು ತುಂಬಿಸುವ ಗದ್ದಲ, ಒಣಮೀನಿನ ವಾಸನೆ, ಬೆಲ್ಲದ ಮೂಟೆಯ ಮೇಲೆ ನೊಣ. ಒಂದು ಮಂಜಿಯನ್ನು ನಡೆಸುವ ತಾಂಡೇಲ, ಬಿಳಿ ಗಡ್ಡದ ಸಾಯ್ಬ್ರು, ನನ್ನನ್ನು ಮೇಲೆ ಹತ್ತಿಸಿಕೊಂಡಿದ್ದರು. ಕೂವೆಮರದ ಹಿಂದೆ ಕಟ್ಟಿದ್ದ ದಪ್ಪ ಹಗ್ಗ ಯಾಕೆ ಅಂತ ಕೇಳಿದೆ. “ಹಾಯಿ ಎತ್ತೋದೂ ಇದೇ, ಮರ ಮುಂದಕ್ಕೆ ಬೀಳದ ಹಾಗೆ ಹಿಂದಿನಿಂದ ಹಿಡಿಯೋದೂ ಇದೇ ಮಗಾ” ಅಂದರು. ಒಂದು ಹಗ್ಗಕ್ಕೆ ಎರಡು ಕೆಲಸ! ಮನೆಗೆ ಬಂದು ಅಮ್ಮನಿಗೆ, ತಂಗಿಗೆ, ಪಕ್ಕದ ಮನೆ ಪೊರ್ಬುಗಳಿಗೆ, ಸಿಕ್ಕಿದವರಿಗೆಲ್ಲ ಅದನ್ನೇ ಹೇಳಿದ್ದೆ. ಈಗ ಮಂಜಿಗೆಲ್ಲ ಎಂಜಿನ್ ಬಂದಿದೆ. ಲಕ್ಷದ್ವೀಪಕ್ಕೆ ಸಿಮೆಂಟು, ಜಲ್ಲಿ, ತರಕಾರಿ ಹೊತ್ತುಕೊಂಡು ಹೋಗೋದು ಮಾತ್ರ ನಿಂತಿಲ್ಲ.

ಇನ್ನು ಮೂಳೆಯ ಹಡಗಿನ ವಿಚಾರ ಹೇಳದಿದ್ದರೆ ನನಗೆ ಉಂಡದ್ದು ಅರಗೋದಿಲ್ಲ. ನೆಪೋಲಿಯನ್ ಕಾಲದಲ್ಲೇ ಇಂಗ್ಲೆಂಡಿನ ಪೀಟರ್‌ಬರೋ ಹತ್ತಿರ ನಾರ್ಮನ್ ಕ್ರಾಸ್ ಅಂತ ಯುದ್ಧಕೈದಿಗಳ ಶಿಬಿರ ಇತ್ತು, 1797ರಿಂದ 1814ರ ವರೆಗೆ. ಸೆರೆಸಿಕ್ಕಿದ ಫ್ರೆಂಚ್ ನಾವಿಕರು ಊಟದ ಮಾಂಸದಲ್ಲಿ ಉಳಿದ ಮೂಳೆಯನ್ನು ಬಿಳುಪು ಮಾಡಿ, ಪಟ್ಟಿಯಾಗಿ ಸೀಳಿ, ಮರದ ಒಡಲಿನ ಮೇಲೆ ಹಲಗೆಯಾಗಿ ಹೊದಿಸಿ ಹಡಗು ಕಟ್ಟಿದರು. ಹಗ್ಗಕ್ಕೆ ರೇಷ್ಮೆ ಎಳೆ, ಕುದುರೆ ಕೂದಲು, ಕೆಲವೊಮ್ಮೆ ಮನುಷ್ಯರ ಕೂದಲು. ಕೆಲವು ಹಡಗುಗಳಲ್ಲಿ ಹಿಂದಿನಿಂದ ಒಂದು ದಾರ ಎಳೆದರೆ ಸಾಲು ಫಿರಂಗಿಗಳೆಲ್ಲ ಒಳಕ್ಕೂ ಹೊರಕ್ಕೂ ಸರಿಯುತ್ತವೆ! ಶಿಬಿರದ ಬಾಗಿಲಲ್ಲಿ ಸಂತೆ, ಅಲ್ಲಿ ಮಾರಾಟ. ಕೊಳ್ಳುವವರು ಇಂಗ್ಲಿಷರು, ಅದಕ್ಕೆ ತಮ್ಮನ್ನು ಹಿಡಿದ ಶತ್ರುಗಳ ಹಡಗಿನ ಹೆಸರನ್ನೇ ಎಷ್ಟೋ ಸಲ ಬರೆಯುತ್ತಿದ್ದರು. ಕೈಯಲ್ಲಿ ನಕ್ಷೆ ಇಲ್ಲ, ನೆನಪೇ ನಕ್ಷೆ. ಕೂವೆಮರ ಸ್ವಲ್ಪ ಎತ್ತರವೇ ಬರುತ್ತೆ, ಅಳತೆ ಹಿಡಿದು ನೋಡಿದರೆ ತಪ್ಪು. ಆದರೆ ಹಗ್ಗದ ದಾರಿ ನೋಡಿ, ಅದರ ಮೇಲೆ ಹತ್ತಿಳಿದವರ ಕೈ ಅಂತ ಗೊತ್ತಾಗಿ ಬಿಡುತ್ತೆ. ಪೀಟರ್‌ಬರೋ ಮ್ಯೂಸಿಯಮ್ಮಿನಲ್ಲಿ ಅವರು ಮಾಡಿದ ವಸ್ತುಗಳ ದೊಡ್ಡ ಸಂಗ್ರಹವೇ ಇದೆ. ಹವ್ಯಾಸ ಅಂತ ಅವರದ್ದನ್ನು ಕರೆಯೋಕೆ ನನಗೆ ನಾಲಿಗೆ ಬರೋದಿಲ್ಲ, ಆದರೂ ನಮ್ಮ ಕುಲದ ಹಿರಿಯರು ಅವರೇ.

ಗಾಜಿನ ಪೆಟ್ಟಿಗೆ ಯಾಕೆ ಇನ್ನೂ ಮಾಡಿಸಿಲ್ಲ ಅಂತ ಕೇಳಿದ್ರಲ್ಲ. ಮಾಡಿಸಬೇಕು. ನಮ್ಮ ಮಳೆಗಾಲದಲ್ಲಿ ಹತ್ತಿ ದಾರ ಒಂದು ದಿನ ಬಿಗಿ, ಒಂದು ದಿನ ಸಡಿಲ. ಧೂಳು ಬೇರೆ. ಆದರೆ ಪೆಟ್ಟಿಗೆಯ ಮರವನ್ನೂ ನೋಡಿ ಆರಿಸಬೇಕು. ಓಕ್ ಥರದ ಮರ ಮುಚ್ಚಿದ ಜಾಗದಲ್ಲಿ ಹುಳಿ ಆವಿ ಬಿಡುತ್ತೆ, ಅದು ತಾಗಿ ಸೀಸದ ಫಿರಂಗಿ, ಲಂಗರು ಎಲ್ಲ ಬೂದಿ ಹಿಡಿದು ಬಿಳಿ ಪುಡಿಯಾಗಿ ಉದುರುತ್ತವೆ. ಎಷ್ಟೋ ಮ್ಯೂಸಿಯಮ್ಮುಗಳಿಗೆ ಇದೇ ತಲೆನೋವು. ಕಾಪಾಡಲಿ ಅಂತ ಒಳಗಿಟ್ಟರೆ ಪೆಟ್ಟಿಗೆಯೇ ತಿಂದು ಹಾಕೋದು, ವಿಚಿತ್ರ ಅಲ್ವಾ? ಅದಕ್ಕೇ ನನ್ನದರಲ್ಲಿ ಫಿರಂಗಿ ಹಿತ್ತಾಳೆಯದು, ಮತ್ತೆ ಪೆಟ್ಟಿಗೆಗೆ ಗಾಳಿಯಾಡೋ ಸಂದು ಇರಲೇಬೇಕು.

ಇದಾದ ಮೇಲೆ ಮಂಜಿ ಕಟ್ಟಬೇಕು ಅಂತ ಆಸೆ, ಹಾಯಿ ಇದ್ದ ಕಾಲದ್ದು. ಟ್ರಿಂಕೋಮಲಿಗೆ ನಕ್ಷೆ ಇದೆ, ಪಟ್ಟಿ ಇದೆ, ಹಡಗೇ ಇದೆ. ಮಂಜಿಗೆ ಇರೋದು ಮೇಸ್ತ್ರಿಗಳ ತಲೆಯೊಳಗಿನ ಲೆಕ್ಕ. ಬಂದರಿಗೆ ಟೇಪು ಹಿಡಿದು ಹೋಗ್ತಾ ಇದ್ದೇನೆ. ಈಗಿನ ತಾಂಡೇಲರೂ ಮೊದಲು ಒಂಥರಾ ನೋಡ್ತಾರೆ, ಆಮೇಲೆ ತಾವೇ ಟೇಪಿನ ಇನ್ನೊಂದು ತುದಿ ಹಿಡಿದು, “ಇದನ್ನೂ ಬರ್ಕೊಳ್ಳಿ” ಅಂತಾರೆ. ಹಾಯಿಯ ಹಗ್ಗದ ವಿಷಯ ಗೊತ್ತಿರುವ ಹಳಬರು ಇನ್ನೂ ಇದ್ದಾರೆ, ಅವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು.

ಅದಿರಲಿ, ನಿಮ್ಮ ಹಿತ್ತಿಲಲ್ಲಿ ಒಣಗಿದ ಬಿದಿರು ಬಿದ್ದಿದೆಯಲ್ಲ, ಒಂದು ಗೇಣು ಕೊಡ್ತೀರಾ? ಟ್ರಿಂಕೋಮಲಿಯ ಅಟ್ಟದ ಹಲಗೆಗೆ ಮರದ ಮೊಳೆ ಬೇಕು. ಬಿದಿರನ್ನು ಸಣ್ಣಗೆ ಸೀಳಿ ಉಕ್ಕಿನ ತಟ್ಟೆಯ ತೂತಲ್ಲಿ ಎಳೆಯೋದು, ಆಮೇಲೆ ಅದಕ್ಕಿಂತ ಸಣ್ಣ ತೂತಲ್ಲಿ, ಅರ್ಧ ಮಿಲಿಮೀಟರಿಗೆ ಇಳಿಯೋ ತನಕ. ಹಸಿಯದ್ದು ಬೇಡ, ಮತ್ತೆ ಗೆಣ್ಣಿನ ಹತ್ತಿರದ್ದೂ ಬೇಡ, ಅದು ಎಳೆಯುವಾಗ ಕಡಿದುಹೋಗುತ್ತೆ. ಎರಡು ಗೆಣ್ಣಿನ ನಡುವಿನದ್ದು ನೋಡಿ ಕೊಡಿ.