ಬೋಗನ್‌ವಿಲ್ಲಾ ಯಜಮಾನರು

ಬೋಗನ್‌ವಿಲ್ಲಾ ಯಜಮಾನರು ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ, ಮುಖ್ಯವಾಗಿ 30-40ರ ಸೈಟಿನ ಸ್ವಂತ ಮನೆಗಳಲ್ಲಿ ಕಂಡುಬರುತ್ತಾರೆ. ನಿವೃತ್ತರಾದದ್ದು ಬ್ಯಾಂಕಿನಿಂದಲೋ ಕಾಲೇಜಿನಿಂದಲೋ ಸರ್ಕಾರಿ ಇಲಾಖೆಯಿಂದಲೋ ಎಂಬುದು ಮುಖ್ಯವಲ್ಲ, ಲಕ್ಷಣಗಳು ಒಂದೇ. ಬೆಳಗ್ಗೆ ತಲೆಗೆ ಮಂಕಿ ಕ್ಯಾಪು, ಕೈಯಲ್ಲಿ ನೀರಿನ ಪೈಪು, ಮೊಣಕೈವರೆಗೆ ಮುಳ್ಳು ಗೀರಿದ ಗುರುತು. ಸಂಜೆ ಗೇಟಿಗೆ ಒರಗಿ ನಿಂತು, ದಾರಿಯಲ್ಲಿ ಹೋಗುವವರು ತಲೆಯೆತ್ತಿ ನೋಡಿದರೋ ಇಲ್ಲವೋ ಎಂದು ಓರೆಗಣ್ಣಲ್ಲಿ ಗಮನಿಸುತ್ತಾರೆ. ಈ ಕೊನೆಯ ಲಕ್ಷಣ ಇಲ್ಲದವರು ಬರೀ ಗಿಡ ಬೆಳೆಸುವವರು, ಈ ವರ್ಗಕ್ಕೆ ಸೇರುವುದಿಲ್ಲ.

ಬಳ್ಳಿ ಮನೆಗೆ ಬರುವುದು ಸಾಮಾನ್ಯವಾಗಿ ಜನವರಿಯಲ್ಲಿ. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆಂದು ಲಾಲ್‌ಬಾಗಿಗೆ ಹೋದವರು ಗಾಜಿನ ಮನೆಯ ನೂಕುನುಗ್ಗಲಿನಿಂದ ಹೇಗೋ ಹೊರಬಿದ್ದು, ವಾಪಸು ಬರುವಾಗ ಯಾವುದೋ ನರ್ಸರಿಯ ಕುಂಡವೊಂದರ ಮುಂದೆ ನಿಂತುಬಿಡುತ್ತಾರೆ. ಒಂದೇ ಗಿಡದಲ್ಲಿ ಬಿಳಿಯನ್ನೂ ಕಡುಗುಲಾಬಿಯನ್ನೂ ಬಿಡುವ ‘ಮೇರಿ ಪಾಮರ್’ ಸಿಕ್ಕಿತೆಂದರೆ ಚೌಕಾಸಿಯನ್ನೇ ಮರೆಯುತ್ತಾರೆ. ಮದುವೆಯಾದಾಗಿನಿಂದ ಅವರು ಚೌಕಾಸಿ ಮರೆತದ್ದು ಅದೊಂದೇ ಸಲ ಎಂಬುದು ಮನೆಯವರ ಸಾಕ್ಷ್ಯ.

ಬಳ್ಳಿ ಬೇರು ಬಿಡುವುದಕ್ಕೆ ಮೊದಲೇ ಅದರ ಚರಿತ್ರೆ ಬೇರು ಬಿಡುತ್ತದೆ. ಮನೆಗೆ ಬಂದವರಿಗೆ ಕಾಫಿಗಿಂತ ಮುಂಚೆ ಅದನ್ನೇ ಬಡಿಸಲಾಗುತ್ತದೆ. ಇದು ದಕ್ಷಿಣ ಅಮೆರಿಕದ ಗಿಡ. 1767ರಲ್ಲಿ ಹಡಗಿನಲ್ಲಿ ಭೂಮಿ ಸುತ್ತಲು ಹೊರಟಿದ್ದ ಫ್ರೆಂಚ್ ನಾವಿಕ ಬೂಗನ್‌ವಿಲ್ ಜೊತೆಯಲ್ಲಿದ್ದ ಸಸ್ಯವಿಜ್ಞಾನಿ ಕಾಮರ್ಸನ್ ಇದನ್ನು ಬ್ರೆಜಿಲಿನ ರಿಯೊದಲ್ಲಿ ಕಂಡು ನಾಯಕನ ಹೆಸರಿಟ್ಟ. ಅವನ ಸಹಾಯಕಿ ಜೀನ್ ಬಾರೆ ಗಂಡಸಿನ ವೇಷದಲ್ಲಿ ಆ ಯಾನಕ್ಕೆ ಸೇರಿಕೊಂಡಿದ್ದಳು. ಇಷ್ಟಾದ ಮೇಲೆ ಅತಿಥಿಯನ್ನು ಗಿಡದ ಬಳಿಗೆ ಕರೆದೊಯ್ದು, ಬಣ್ಣದ್ದು ಹೂವೇ ಅಲ್ಲ, ಬಣ್ಣ ಬಂದ ಎಲೆ, ನಿಜವಾದ ಹೂ ಮೂರು ಎಲೆಗಳ ನಡುವೆ ಇರುವ ಈ ಸಣ್ಣ ಬಿಳಿ ಕೊಳವೆ ಎಂದು ತೋರಿಸುತ್ತಾರೆ. ಒಳಗಿನಿಂದ ಮಾತು ತೂರಿ ಬರುತ್ತದೆ: “ಅಷ್ಟು ದೂರದಿಂದ ಬಂದಿದ್ದಕ್ಕೆ ಒಂಚೂರು ವಾಸನೆಯಾದರೂ ಇರಬಾರದಾಗಿತ್ತೇ? ದೇವರಿಗೂ ಇಲ್ಲ, ಮುಡಿಗೂ ಇಲ್ಲ.” ಆ ಮನೆಯಲ್ಲಿ ದಿನಾ ಎರಡು ಮೊಳ ಮಲ್ಲಿಗೆ ದುಡ್ಡು ಕೊಟ್ಟೇ ಕೊಳ್ಳುತ್ತಾರೆ.

ಪಾಲನೆಯ ವಿಷಯಕ್ಕೆ ಬಂದರೆ ಯಜಮಾನರ ಪ್ರೀತಿಯೇ ಗಿಡದ ಕಷ್ಟ. ಬೋಗನ್‌ವಿಲ್ಲಾಕ್ಕೆ ದಿನಕ್ಕೆ ಐದಾರು ಗಂಟೆ ನೆತ್ತಿಯ ಬಿಸಿಲು, ನೀರು ನಿಲ್ಲದ ಮಣ್ಣು, ಒಂದಿಷ್ಟು ಅಲಕ್ಷ್ಯ ಇಷ್ಟಿದ್ದರೆ ಸಾಕು. ಬುಡ ಒಣಗಿದ ಮೇಲೆ ನೀರು ಕೊಟ್ಟರೆ ಹೂ ಬಿಡುತ್ತದೆ, ದಿನಾ ಕುಡಿಸಿದರೆ ಎಲೆ ಬಿಡುತ್ತದೆ. ಯಜಮಾನರು ಮಾತ್ರ ಮೊದಲ ಮೊಮ್ಮಗನಿಗೆ ಉಣಿಸಿದ ಹಾಗೆ ಎರಡು ಹೊತ್ತೂ ನೀರು ಬಿಟ್ಟು, ಅಕ್ಕಿ ತೊಳೆದದ್ದನ್ನೂ ಸುರಿದು, ಮೇಲೆ ಒಂದು ಹಿಡಿ ಯೂರಿಯಾ ಉದುರಿಸುತ್ತಾರೆ. ಸಾರಜನಕ ಹೆಚ್ಚಾದ ಬಳ್ಳಿ ಹೆಬ್ಬೆರಳು ಗಾತ್ರದ ಹಸಿರು ಕೋಲುಗಳನ್ನು ಎಸೆಯುತ್ತ ಹೋಗುತ್ತದೆ, ಬಣ್ಣದ ಸುಳಿವಿರುವುದಿಲ್ಲ. ಮಣ್ಣಿಗೆ ಶಕ್ತಿ ಸಾಲದೆಂದು ತೀರ್ಮಾನವಾಗಿ ಇನ್ನೊಂದು ಹಿಡಿ ಬೀಳುತ್ತದೆ.

ಇದರ ಕೊಂಬೆಗೆ ಸುತ್ತಿಕೊಳ್ಳುವ ಕುಡಿಯಿಲ್ಲ, ಗೋಡೆಗೆ ಅಂಟುವ ಬೇರೂ ಇಲ್ಲ. ಕೊಂಕಿದ ಮುಳ್ಳನ್ನು ಸಿಕ್ಕಿದ್ದಕ್ಕೆ ತಗುಲಿಸಿ ಒರಗುತ್ತದೆ, ಒರಗಿದ್ದರ ಮೇಲೆ ಮತ್ತೆ ಏರುತ್ತದೆ. ಮೊಳೆ ಹೊಡೆದು ತಂತಿ ಎಳೆದು ಎಳೆಯ ಕೊಂಬೆಗಳನ್ನು ಕಟ್ಟಿದರೆ ಹೇಳಿದ ಕಡೆ ಹೋಗುತ್ತದೆ. ಕಟ್ಟದಿದ್ದರೆ ಕಾಂಪೌಂಡು, ಸಜ್ಜ, ಸೋಲಾರ್ ಪ್ಯಾನೆಲ್, ಕರೆಂಟು ತಂತಿ ಎಂಬ ಕ್ರಮದಲ್ಲಿ ಮೇಲೇರಿ, ಕೊನೆಗೆ ಪಕ್ಕದ ಮನೆಯ ಅಂಗಳಕ್ಕೆ ಇಳಿಯುತ್ತದೆ. ಉದುರಿದ ಎಲೆಗಳು ಗಾಳಿಗೆ ಹಾರಿ ಅಲ್ಲಿಯ ರಂಗೋಲಿಯ ಮೇಲೆ ಕೂರುತ್ತವೆ. ನೆರೆಯವರು ಮೊದಮೊದಲು ಮರ್ಯಾದೆಯಿಂದಲೇ ಹೇಳುತ್ತಾರೆ: “ಸಾರ್, ನಿಮ್ಮ ಬಳ್ಳಿ ನಮ್ಮ ಟ್ಯಾಂಕ್ ತನಕ ಬಂದಿದೆ.” ಯಜಮಾನರದು ಉದಾರ ಮನಸ್ಸು: “ಬರಲಿ ಬಿಡಿ ಸಾರ್, ಅದಕ್ಕೇನು ಆಸ್ತಿಯಲ್ಲಿ ಭಾಗ ಬೇಕೇ?”

ಸವರುವುದೊಂದೇ ಮದ್ದು, ಅದೊಂದಕ್ಕೆ ಯಜಮಾನರು ಒಪ್ಪರು. ಹೂವಿನ ಸುತ್ತು ಮುಗಿದೊಡನೆ ಉದ್ದ ಕೊಂಬೆಗಳನ್ನು ಕತ್ತರಿಸಿದರೆ ಬದಿಯಿಂದ ಹೊಸ ಚಿಗುರು ಒಡೆಯುತ್ತದೆ, ಹೂ ಬರುವುದು ಆ ಚಿಗುರಿನಲ್ಲೇ. ಇದನ್ನು ಅವರು ಓದಿದ್ದಾರೆ, ಇತರರಿಗೆ ಹೇಳುತ್ತಲೂ ಇರುತ್ತಾರೆ. ಕಟ್ಟರ್ ಹಿಡಿದು ಏಣಿ ಹತ್ತಿದಾಗ ಮಾತ್ರ ಒಂದೊಂದು ಕೊಂಬೆಯೂ ಇನ್ನು ಎರಡು ವಾರದಲ್ಲಿ ಹೂ ಬಿಡುವಂತೆಯೇ ಕಾಣುತ್ತದೆ. ಕೊನೆಗೆ ಒಣಗಿದ ಕಡ್ಡಿ ನಾಲ್ಕನ್ನು ಕತ್ತರಿಸಿ ಇಳಿಯುತ್ತಾರೆ. ಅದರಲ್ಲಿಯೂ ಪೆನ್ಸಿಲ್ ದಪ್ಪದ್ದೊಂದು ಹಸಿಯಾಗಿ ಕಂಡರೆ ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟು ಇನ್ನೊಂದು ಗಿಡ ಮಾಡುತ್ತಾರೆ. ಇದನ್ನು ಯಾರಿಗಾದರೂ ದಾನ ಕೊಡದೆ ಬಿಡುವುದಿಲ್ಲ. ಬಡಾವಣೆಯಲ್ಲಿ ಸಂತತಿ ಹರಡುವುದು ಹೀಗೆ.

ನಿಜವಾದ ಸವರುವಿಕೆ ಹೊರಗಿನವರಿಂದ ಆಗುತ್ತದೆ. ತಂತಿಗೆ ತಾಗಿದ್ದನ್ನು ಮಳೆಗಾಲಕ್ಕೆ ಮುಂಚೆ ಲೈನ್‌ಮನ್ ಕಡಿಯುತ್ತಾನೆ. ಅಂಗಳಕ್ಕೆ ಇಳಿದದ್ದನ್ನು ನೆರೆಯವರು, ಯಜಮಾನರು ಮಗಳ ಮನೆಗೆ ಹೋದ ದಿನ ನೋಡಿ, ಸಿಟ್ಟಿನಲ್ಲಿ ಬೋಳಿಸುತ್ತಾರೆ. ಫಲಿತಾಂಶ ಸಸ್ಯಶಾಸ್ತ್ರಕ್ಕೆ ಸರಿಯಾಗಿಯೇ ಬರುತ್ತದೆ: ಚಳಿ ಕಳೆದು ಬಿಸಿಲೇರಿದಾಗ ನೆರೆಮನೆಯ ಕಡೆಯ ಕೊಂಬೆಗಳು ಎಲೆ ಕಾಣದಷ್ಟು ಹೂ ತುಂಬಿಕೊಳ್ಳುತ್ತವೆ, ಯಜಮಾನರ ಕಡೆಯದು ಹಸಿರಾಗಿಯೇ ಇರುತ್ತದೆ. ದಾರಿಯಲ್ಲಿ ಹೋಗುವವರು ಫೋಟೊ ತೆಗೆಯುವುದೂ ಆ ಗೇಟಿನ ಮುಂದೆ. ಯಜಮಾನರು ತಮ್ಮ ಗೇಟಿನಿಂದಲೇ ಕೂಗಿ, ಬುಡ ಈಚೆ ಇದೆ ಎಂದು ತಿಳಿಸುತ್ತಾರೆ.

ಇಂಥವರ ಪಕ್ಕದ ಮನೆ ಬಾಡಿಗೆಗೆ ಸಿಕ್ಕರೆ ಧೈರ್ಯವಾಗಿ ಹಿಡಿಯಬಹುದು. ಒಂದು ಒಳ್ಳೆಯ ಕಟ್ಟರ್, ಒಂದು ಜೊತೆ ದಪ್ಪ ಚರ್ಮದ ಗ್ಲೌಸು ಮಾತ್ರ ಸ್ವಂತದ್ದಿರಲಿ.