ಮಯೋರ್ಕಾದಲ್ಲಿ ಕೂಸಿನ ದರ್ಬಾರು

ಲಂಡನ್ನಿನ ಮಳೆಗೆ ಬೇಸತ್ತ ದಂಪತಿಗಳು ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹಾರುವುದು ವಿಶ್ರಾಂತಿಗೆಂದು. ಜೊತೆಗೊಂದು ಎಂಟು ತಿಂಗಳ ಕೂಸಿದ್ದರೆ ವಿಶ್ರಾಂತಿ ಅದಕ್ಕೆ ಮಾತ್ರ. 2 ವರ್ಷ ತುಂಬದವರಿಗೆ ವಿಮಾನದಲ್ಲಿ ಬೇರೆ ಸೀಟು ಬೇಕಿಲ್ಲ, ಅಪ್ಪನ ತೊಡೆಯೇ ಸಾಕು. ಆದರೆ ತೊಡೆಯ ಮೇಲಿನ ಪ್ರಯಾಣಿಕರ ಲಗೇಜು ನೋಡಬೇಕು: ಡೈಪರು, ಹಾಲಿನ ಪುಡಿ, ಬಿಸಿಲು ಟೋಪಿ, ತಳ್ಳುಗಾಡಿ. ಅಪ್ಪನ ಚಡ್ಡಿಗೆ ಜಾಗ ಉಳಿದರೆ ಪುಣ್ಯ!

ದ್ವೀಪದ ಅಲ್ಕೂಡಿಯಾ ಊರಿನ ಕಡಲತೀರ ಮಕ್ಕಳಿಗೆ ಬಲು ಅನುಕೂಲ. ಮೆಡಿಟರೇನಿಯನ್ನಿನಲ್ಲಿ ಉಬ್ಬರವಿಳಿತ ಅತ್ಯಲ್ಪ. ಇಲ್ಲಂತೂ ದಡದ ಬಳಿ ಆಳವೇ ಇಲ್ಲ. ಕೂಸು ಮಾತ್ರ ಸಮುದ್ರದತ್ತ ತಿರುಗಿಯೂ ನೋಡದೆ ಮರಳನ್ನು ಸಜ್ಜಿಗೆಯಂತೆ ಮುಕ್ಕುತ್ತದೆ.

ಊಟದ್ದೇ ನಿಜವಾದ ಪಂಚಾಯಿತಿ. ಸ್ಪೇನಿನವರು ರಾತ್ರಿ 9ರ ಮೇಲೆ ಊಟಕ್ಕೆ ಕೂರುವವರು. ಕೂಸು 7ಕ್ಕೇ ಮಲಗುವ ಶಿಸ್ತಿನ ಸಿಪಾಯಿ. ಹಾಗಾಗಿ ಹೆತ್ತವರು ಕತ್ತಲ ಬಾಲ್ಕನಿಯಲ್ಲಿ ಪಿಸುಗುಡುತ್ತ ತಣ್ಣಗಾದ ಪಯೇಯಾ ಅನ್ನ ತಿನ್ನುತ್ತಾರೆ. ಇನ್ನು ಮಧ್ಯಾಹ್ನ ಊರಿಗೆ ಊರೇ ಸಿಯೆಸ್ಟಾದಲ್ಲಿ ಗೊರಕೆ ಹೊಡೆಯುವಾಗ ಕೂಸಿಗೆ ಸಂಗೀತ ಕಛೇರಿಯ ಹುಮ್ಮಸ್ಸು.

ಆದರೂ ಹೋಗಿಬನ್ನಿ. ಆಗಸ್ಟಿನ 30 ಡಿಗ್ರಿಯ ಧಗೆ ಬಿಟ್ಟು ಮೇ ತಿಂಗಳಲ್ಲೋ ಸೆಪ್ಟೆಂಬರ್ ಕೊನೆಯಲ್ಲೋ ಹೊರಡಿ. ನಿಮಗೂ ರಜೆ ಬೇಕಿದ್ದರೆ, ಅಜ್ಜಿಗೂ ಒಂದು ಟಿಕೆಟ್ ತೆಗೆಸಿ!