ಪಡಸಾಲಿಯ ಪರೀಕ್ಷಾ ಕೇಂದ್ರ

2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ಬರೆದವರಿಗೆ ಅದನ್ನೇ 2024ರ ಜನವರಿ 23ರಂದು ಮತ್ತೊಮ್ಮೆ ಬರೆಯುವ ಯೋಗ ಬಂತು. ಕಿವಿಗೆ ಬ್ಲೂಟೂತ್ ಇಟ್ಟವರು, ಓಎಂಆರ್ ತಿದ್ದಿಸಿದವರು ಪೊಲೀಸರಾಗುವ ಮೊದಲೇ ಪೊಲೀಸರ ಕೈಗೆ ಸಿಕ್ಕರು; ಉಳಿದವರು ಓದಿದ್ದನ್ನೇ ಓದುತ್ತ ಕೂತರು. ಯಲಬುರ್ಗಾ ಕಡೆಯ ನನ್ನ ಅಕ್ಕನ ಮಗನೂ ಅವರಲ್ಲೊಬ್ಬ.

ಹಳೆಯ ಪ್ರಶ್ನೆಪತ್ರಿಕೆಯನ್ನೇ ಮನೆಯಲ್ಲಿ ಬಿಡಿಸಿ ನೂರಕ್ಕೆ 96 ಸರಿ ಮಾಡಿದ. ಅಕ್ಕ ಪೇಢೆ ಹಂಚಿದಳು. ಆ ಉತ್ತರಗಳು ಬಾಯಿಪಾಠವಾಗಿ ಎರಡು ವರ್ಷವಾದ ಮಾತನ್ನು ಯಾರೂ ಎತ್ತಲಿಲ್ಲ. ಬಿಡಿಸಿದ್ದಾದರೂ ಹೇಗೆ? ಲೋಡಿಗೆ ಒರಗಿ, ನಡುವೆ ಚುರುಮುರಿ ಮೆಲ್ಲುತ್ತ, ತಿಳಿಯದಲ್ಲಿ ಎದ್ದು ಓಣಿಯಲ್ಲಿ ಒಂದು ಸುತ್ತು ಹಾಕಿ ಬಂದು. ಇಷ್ಟು ವೈಭವವಿದ್ದರೆ ನಾನೂ ಐಪಿಎಸ್ ಆಗುತ್ತೇನೆ.

ಹೀಗಾಗಿ ಪಡಸಾಲಿ ಪರೀಕ್ಷಾ ಕೇಂದ್ರವಾಯಿತು, ನಾನು ಸುಪರ್‌ವೈಜರ್ ಆದೆ. ಅವನು ಎಂದೂ ಕಾಣದ ಪ್ರಶ್ನೆಪತ್ರಿಕೆ, ಓಎಂಆರ್ ಹಾಳೆಗಳನ್ನು ಕೊಪ್ಪಳದ ಝೆರಾಕ್ಸ್ ಅಂಗಡಿಯಿಂದ ತಂದೆ. ನೂರು ಪ್ರಶ್ನೆ, 90 ನಿಮಿಷ, ತಪ್ಪಿಗೆ ಅಂಕ ಕಡಿತ. ಕೈಗಡಿಯಾರ ಕಸಿದುಕೊಂಡು, ಗೋಡೆ ಗಡಿಯಾರ ಬೆನ್ನ ಹಿಂದೆ ಬರುವಂತೆ ಕೂರಿಸಿದೆ. ಅದೂ ಕಾಲು ಕುಂಟುವ ಬೆಂಚಿನ ಮೇಲೆ. ಅಲುಗದ ಬೆಂಚಿನಲ್ಲಿ ಕೂತು ಅಭ್ಯಾಸ ಮಾಡಿದವರನ್ನು ನಾನು ನಂಬುವುದಿಲ್ಲ. ಅವನು ಲೆಕ್ಕದಲ್ಲಿ ಮುಳುಗಿದ್ದು ನೋಡಿಯೇ ಹೋಗಿ, "ಹಾಲ್ ಟಿಕೆಟ್ ತೋರ್ಸಪಾ, ಇಲ್ಲಿ ಸಹಿ ಮಾಡು" ಎನ್ನುತ್ತಿದ್ದೆ. ನಿಜವಾದ ಸುಪರ್‌ವೈಜರುಗಳು ಬೇರೆ ಹೊತ್ತಿನಲ್ಲಿ ಬಂದದ್ದುಂಟೆ?

ಗದ್ದಲವನ್ನು ಮಾತ್ರ ನಾನು ಹೊಂದಿಸಬೇಕಾಗಲಿಲ್ಲ. ಗವಿಮಠದ ಜಾತ್ರೆಯೂ ಜನವರಿಯಲ್ಲೇ. ದಾಸೋಹಕ್ಕೆ ಊರೂರಿನಿಂದ ಟ್ರ್ಯಾಕ್ಟರ್‌ಗಟ್ಟಲೆ ಜೋಳದ ರೊಟ್ಟಿ ಹೋಗಬೇಕು. ಓಣಿಯ ಹೆಣ್ಣುಮಕ್ಕಳೆಲ್ಲ ಅಕ್ಕನ ಹಿತ್ತಲಲ್ಲಿ ಕೂತು ತಟ್ಟುತ್ತಿದ್ದರು. ತಟ್ಟುವ ಸಪ್ಪಳದ ಜೊತೆಗೆ ಸೊಸೆಯಂದಿರ ಸುದ್ದಿ. ಅದನ್ನು ಕಿವಿಗೆ ಹಾಕಿಕೊಳ್ಳದೆ ಶೇಕಡಾವಾರು ಲೆಕ್ಕ ಮಾಡಬಲ್ಲವನು ಯಾವ ಠಾಣೆಯನ್ನಾದರೂ ನಡೆಸಬಲ್ಲ. ಕೆಡಿಸಿದ್ದು ಅಕ್ಕನೇ. ಬಿಸಿ ರೊಟ್ಟಿ, ಎಣ್ಣೆಗಾಯಿ ಹಿಡಿದು ಸೀದಾ ಒಳಗೆ ಬಂದಳು.

"ಪರೀಕ್ಷಾ ನಡದೈತಕ್ಕಾ, ಒಳಗ ಬರಂಗಿಲ್ಲ."

"ಹುಡುಗ ಹಸದು ಕುಂತಾನ. ನಿನ್ನ ಪರೀಕ್ಷಾ ಒಲಿಯಾಗ ಹಾಕು."

ಸುಪರ್‌ವೈಜರೂ ಎರಡು ರೊಟ್ಟಿ ತಿಂದ.

ಉಳಿದದ್ದು ಪ್ರಯಾಣ. ಮರುಪರೀಕ್ಷೆ ಬೆಂಗಳೂರಿನಲ್ಲಿ. ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಾಡಿ, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು, ಮೊದಲ ಪತ್ರಿಕೆಗೆ ಪ್ರಬಂಧ ಬರೆಯಬೇಕು. ಇದರ ಅಭ್ಯಾಸ ಯಾವ ಗೈಡಿನಲ್ಲೂ ಇಲ್ಲ. ಗಂಗಾವತಿಯಿಂದ ಕನಕಗಿರಿ, ತಾವರಗೇರಾ ಹಾದು ಕುಷ್ಟಗಿಗೆ ಹೋಗುವ ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ ಅವನನ್ನು ಕೂರಿಸಿಕೊಂಡು ಹೋದೆ. ಇಳಿದ ಕೂಡಲೇ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬರೆಯತಕ್ಕದ್ದು ಎಂದು ಕರಾರು. ವಿಷಯವನ್ನು ಲಕೋಟೆಯಲ್ಲಿಟ್ಟು ಅಂಟಿಸಿದ್ದೆ. ಕುಷ್ಟಗಿಯಲ್ಲಿ ಒಡೆದು ನೋಡಿದ: 'ರಸ್ತೆ ಸಾರಿಗೆ: ಸಾಧನೆ ಮತ್ತು ಸವಾಲುಗಳು'.

ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಕೇಳಿದ: "ಮಾಮಾ, ಬರೇ ಸವಾಲಷ್ಟ ಬರದ್ರ ನಡೀತೈತೇನು?"